ದಿಣ್ಣೆ ಹೊಲದ ಮೇಲ್ಮಣ್ಣು

ನಾಲೆಯ ನೀರು ಚಿಕ್ಕನಂಜಮ್ಮನ ಹೊಲದ ಪಕ್ಕದಲ್ಲೇ ಹರಿಯುತ್ತಿತ್ತು, ಹೊಲಕ್ಕೆ ಮಾತ್ರ ಹತ್ತುತ್ತಿರಲಿಲ್ಲ. ಅವಳ ಬಾಳನ್ನು ಒಂದೇ ಮಾತಲ್ಲಿ ಹೇಳಿ ಅಂದರೆ ಇಷ್ಟೇ.

ಮದ್ದೂರಿನಿಂದ ಮಳವಳ್ಳಿ ರಸ್ತೆ ಹಿಡಿದು, ಅರ್ಧ ದಾರಿಯಲ್ಲಿ ಬಸ್ಸಿಳಿದು, ಎಡಕ್ಕೆ ಒಂದಷ್ಟು ದೂರ ನಡೆದರೆ ಅವಳ ಊರು. ಊರ ಮುಂದೆ ಕಣ್ಣು ಹಾಯುವವರೆಗೂ ಗದ್ದೆ, ಕಬ್ಬು, ಮತ್ತೆ ಗದ್ದೆ. ಆ ಹಸಿರಿನ ನಡುವೆ ಎತ್ತಿನ ಹಿಣಿಲಿನ ಹಾಗೆ ಎದ್ದು ನಿಂತಿದ್ದ ಕೆಂಪು ದಿಣ್ಣೆಯೊಂದು ಅವಳ ಗಂಡ ಮರಿಸಿದ್ದಯ್ಯನದು. ಹೆಣ್ಣು ಕೊಡುವ ಮುಂಚೆ ಅವಳಪ್ಪ ಬಂದು ಜಮೀನು ನೋಡಿಕೊಂಡು ಹೋಗಿದ್ದ. ಹೊಲದ ಅಂಚಿನಲ್ಲೇ ನಾಲೆ ತುಂಬಿ ಹರಿಯುತ್ತಿದ್ದುದನ್ನು ಕಂಡು, ನೀರಾವರಿ ಜಮೀನಿನ ಮನೆ, ಮಗಳು ಅನ್ನ ಉಂಡುಕೊಂಡು ಇರುತ್ತಾಳೆ ಅಂತ ಸಂತೋಷಪಟ್ಟು ಎಲೆ ಅಡಿಕೆ ಹಾಕಿಕೊಂಡ. ನೀರು ಕೆಳಗಿದೆ, ಹೊಲ ಮೇಲಿದೆ ಅನ್ನುವುದು ಸಂಬಂಧ ನೋಡಲು ಬಂದವನ ಕಣ್ಣಿಗೆ ಎಲ್ಲಿ ಬೀಳುತ್ತೆ ಹೇಳಿ?

ಅವಳು ಕೆರಗೋಡಿನ ಕಡೆಯವಳು. ಕೆಸರಲ್ಲೇ ಆಡಿ ಬೆಳೆದವಳು. ನಾಟಿ ಹಾಕುತ್ತಾ ಹಾಡು ಹೇಳಿದರೆ ಸಾಲಿನ ಆ ತುದಿಯವರೂ ಸೊಂಟ ನೆಟ್ಟಗೆ ಮಾಡಿ ಕೇಳುತ್ತಿದ್ದರಂತೆ. ಅಂಥವಳು ಈ ಊರಿಗೆ ಬಂದ ಮೇಲೆ ಮಾಡಿದ್ದೆಲ್ಲ ಒಣ ಹೊಲದ ಬದುಕು: ರಾಗಿ, ಸಾಲಿನ ನಡುವೆ ಅವರೆ, ಆಮೇಲಾಮೇಲೆ ಮುಸುಕಿನ ಜೋಳ. ಹಬ್ಬಕ್ಕೆ ತವರಿಗೆ ಹೋದರೆ ಅವಳ ಅತ್ತಿಗೆ ಒಂದು ಚೀಲ ಅಕ್ಕಿ ಕಟ್ಟಿ ಮುಂದಿಟ್ಟು, "ತಗೊಂಡೋಗಮ್ಮಿ, ಮುದ್ದೆ ಮುರ್ದು ಮುರ್ದು ನಿನ್ ಗಂಡನ್ ಬೆರಳು ಸವ್ದೋಗಿರ್ತವೆ" ಅನ್ನುತ್ತಿದ್ದಳು. ತಮಾಷೆಗೇ ಅನ್ನುತ್ತಿದ್ದದ್ದು. ಆದರೆ ವರ್ಷ ವರ್ಷವೂ ಅದೇ ತಮಾಷೆ ಕೇಳಿದರೆ ಯಾರಿಗೆ ನಗು ಬರುತ್ತೆ? ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಕ್ಕುವಾಗಲಂತೂ ಅವಳ ಮುಖ ಸಣ್ಣದಾಗುತ್ತಿತ್ತು. ಸುತ್ತ ಇಡೀ ಬಯಲು ಭತ್ತ ಬೆಳೆಯುತ್ತಿರುವಾಗ ಇವರ ಮನೆಯ ಸತ್ತ ಹಿರಿಯರಿಗೆ ಅಂಗಡಿ ಅಕ್ಕಿ. ನಮ್ಮ ನೆಲದಲ್ಲಿ ಬೆಳೆದ ಒಂದು ಪಡಿ ಅಕ್ಕಿಯನ್ನು ಎಡೆಗೆ ಇಟ್ಟು ಸಾಯಬೇಕು ಅನ್ನುವುದೊಂದೇ ಅವಳ ಆಸೆ. ದೊಡ್ಡ ಆಸೆಯೇನಲ್ಲ. ಆದರೂ ಅದೇ ಅವಳನ್ನು ಮುಳುಗಿಸಿತು.

ಹಾಗಂತ ದಿಣ್ಣೆ ಹೊಲ ಅವಳಿಗೆ ಮೋಸ ಮಾಡಿರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಆ ಹೊಲಕ್ಕೆ ಗೊಬ್ಬರ ಹೊತ್ತವಳು ಅವಳೇ. ಗಾಡಿ ಹತ್ತದ ದಿಣ್ಣೆ. ತಿಪ್ಪೆಯಿಂದ ಮಂಕರಿಗೆ ತುಂಬಿಕೊಂಡು ತಲೆ ಮೇಲಿಟ್ಟು ಹತ್ತಬೇಕು. ಸಿದ್ದೇಶನನ್ನು ಬಸುರಾಗಿದ್ದಾಗಲೂ ಹೊತ್ತಳು. ಒಲೆ ಬೂದಿ, ಕೊಟ್ಟಿಗೆ ಕಸ, ಅವರೆ ಸೊಪ್ಪಿನ ಹೊಟ್ಟು ಎಲ್ಲವೂ ಅಲ್ಲಿಗೇ. ಬೇಸಿಗೆಯಲ್ಲಿ ಕುರಿಯವರು ಬಂದರೆ ಅವರ ಕೈಕಾಲು ಹಿಡಿದು ಮಂದೆಯನ್ನು ತಮ್ಮ ಹೊಲದಲ್ಲೇ ತಂಗಿಸುತ್ತಿದ್ದಳು. ಹೀಗೆ ಹೊತ್ತು ಹೊತ್ತು ಮೇಲಿನ ಮಣ್ಣು ಕಪ್ಪಿಟ್ಟ ಕೆಂಪಾಗಿತ್ತು, ಬರಿಗಾಲಿಟ್ಟರೆ ಹಿಟ್ಟಿನ ಹಾಗೆ ಒಳಕ್ಕೆ ಇಳಿಯುತ್ತಿತ್ತು. ಎಷ್ಟು ಮಳೆ ಹೊಯ್ದರೂ ಮಾರನೆಯ ದಿನ ನೀರು ನಿಂತ ಗುರುತಿರುತ್ತಿರಲಿಲ್ಲ. ಆದರೆ ಮಣ್ಣು ಕೆದಕಿದರೆ ಒಳಗೆ ತಣ್ಣಗೆ ತೇವ. ಮುಸುಕಿನ ಜೋಳಕ್ಕೆ ಇದಕ್ಕಿಂತ ಇನ್ನೇನು ಬೇಕು? ಆಳಿಗಿಂತ ಎತ್ತರ ದಂಟು, ಮೊಳಕೈ ಗಾತ್ರದ ತೆನೆ, ತುದಿಯವರೆಗೂ ಕಾಳು. ಕೆಳಗಿನ ಗದ್ದೆಯ ಚಿಕ್ಕಬೋರಯ್ಯ, ಮರಿಸಿದ್ದಯ್ಯನಿಗೆ ದಾಯಾದಿ ತಮ್ಮನಾಗಬೇಕು, ಬದುವಿನ ಮೇಲೆ ನಿಂತು ಕೂಗುತ್ತಿದ್ದ: "ಅತ್ತಿಗಮ್ಮೋ, ಎರಡು ತೆನೆ ಎಸೀ ಸುಟ್ಕೊಂಡ್ ತಿನ್ನಾಕೆ. ಈ ಅನ್ನ ತಿಂದೂ ತಿಂದೂ ಬೇಜಾರಾಗೋಗದೆ!"

ಅವನು ಅಂದದ್ದು ತೆನೆ ಕೇಳಲು. ಅವಳಿಗೆ ಕೇಳಿಸಿದ್ದು ಅನ್ನದ ಮಾತು ಮಾತ್ರ.

ಸುತ್ತಮುತ್ತ ಕೆಲವರು ದಿಣ್ಣೆ ಕಡಿಸಿ, ಹೊಲವನ್ನು ನಾಲೆಯ ಮಟ್ಟಕ್ಕಿಳಿಸಿ ಗದ್ದೆ ಮಾಡಿಕೊಂಡಿದ್ದರು. ಈಗ ಜೆಸಿಬಿ ಬಂದ ಮೇಲೆ ಅದೇನು ದೊಡ್ಡ ಕೆಲಸ? ಚಿಕ್ಕನಂಜಮ್ಮ ಗಂಡನ ಹಿಂದೆ ಬಿದ್ದಳು. ಉಣ್ಣುವಾಗ, ಮಲಗುವಾಗ, ಹಸುವಿನ ಹಾಲು ಕರೆಯುತ್ತಾ ಕೂಡ ಅದೇ ಮಾತು. ಮರಿಸಿದ್ದಯ್ಯ ಮಾತಿಗೆ ಮಾತು ಬೆಳೆಸುವವನಲ್ಲ, ಬೀಡಿ ಹಚ್ಚಿಕೊಂಡು ಕೊಟ್ಟಿಗೆಗೆ ಹೋಗಿಬಿಡುವ ಜಾತಿ.

ಅಷ್ಟರಲ್ಲಿ ಮಂಡ್ಯದ ಗುತ್ತಲಿನಲ್ಲಿ ಮಗ ಸಿದ್ದೇಶ್ ಮನೆ ಕಟ್ಟಲು ಶುರು ಮಾಡಿದ. ಅವನಿಗೆ ಅಲ್ಲೇ ಕರೆಂಟಾಫೀಸಿನಲ್ಲಿ ಕೆಲಸ. ಸೈಟು ತಗ್ಗಿನಲ್ಲಿತ್ತು. ಸೊಸೆ ಬಿಂದುಶ್ರೀ ಬೆಂಗಳೂರಲ್ಲಿ ಓದಿ ಬೆಳೆದ ಹುಡುಗಿ. ಕಂಕುಳಲ್ಲಿ ಕೂಸು, ಕಣ್ಣಲ್ಲಿ ಸದಾ ಏನೋ ಒಂದು ಗಾಬರಿ. "ಮಳೆಗಾಲದಲ್ಲಿ ನೀರು ಒಳಗೆ ಬಂದ್ರೆ ಏನತ್ತೆ ಮಾಡೋದು? ಚರಂಡಿ ನೀರು ಬರತ್ತೆ, ಹಾವು ಬರತ್ತೆ, ಪಾಪು ಇನ್ನೂ ನೆಲದ ಮೇಲೆ ಹರಿದಾಡ್ತಾಳೆ" ಅಂತ ಫೋನಿನಲ್ಲಿ ಅಳುವವಳ ಹಾಗೆ ಹೇಳುತ್ತಿದ್ದಳು. ಅವಳ ಭಯ ಸುಳ್ಳೂ ಅಲ್ಲ. ಸೈಟಿಗೆ ಮಣ್ಣು ತುಂಬಿಸಬೇಕಿತ್ತು. ಇಲ್ಲಿ ಹೊಲದಿಂದ ಮಣ್ಣು ತೆಗೆಸಬೇಕಿತ್ತು. ಟಿಪ್ಪರ್ ಇಟ್ಟುಕೊಂಡಿದ್ದ ಊರಿನ ಪುಟ್ಟರಾಜು ಬಂದು, ಕಡಿದ ಕೂಲಿಗೆ ಮಣ್ಣೇ ಸಾಕು, ಸೈಟು ತುಂಬುವಷ್ಟು ಗುತ್ತಲಿಗೆ ಹೊಡೆದು ಮಿಕ್ಕಿದ್ದು ತಾನು ಇಟ್ಟುಕೊಳ್ಳುತ್ತೇನೆ ಅಂದ. ಇಷ್ಟು ಸಲೀಸಾಗಿ ಕೂಡಿ ಬಂದ ಕೆಲಸವನ್ನು ಯಾರು ಬೇಡ ಅಂತಾರೆ?

ಜೆಸಿಬಿ ಬಂದ ಬೆಳಿಗ್ಗೆ ಮರಿಸಿದ್ದಯ್ಯ ಹೆಂಡತಿಯ ಹತ್ತಿರ ಬಂದು ತಲೆ ಕೆರೆದುಕೊಂಡ.

"ಅಮ್ಮೀ, ಈ ಮೇಲ್ಮಣ್ಣ ಒಂದ್ಕಡೆ ಗುಡ್ಡೆ ಆಕುಸ್ಬೇಕೇನೋ. ಕಡ್ದಾದ್ಮೇಲೆ ತಿರ್ಗಾ ಮೇಲೆ ಅರಡುಸ್ಬೋದು."

"ಗುಡ್ಡೆ ಆಕಾಕೆ ಜಾಗ ಎಲ್ಲದೆ? ಅದ್ಕೆ ಇನ್ನೆರಡು ದಿನ ಮಿಸಿನ್ನು ನಿಲ್ಲುಸ್ಬೇಕು. ಮಣ್ಣಲ್ಲಿ ಮೇಲೇನು ಕೆಳಗೇನು? ನೀರ್ ಹತ್ತುದ್ರೆ ಸಾಕು ಬುಡು" ಅಂದಳು ಚಿಕ್ಕನಂಜಮ್ಮ.

ಅವನು ಬಿಟ್ಟ. ಮೊದಲು ಏಳುವುದು ಮೇಲಿನ ಮಣ್ಣು ತಾನೇ? ಮೊದಲ ಟಿಪ್ಪರುಗಳು ಗುತ್ತಲಿಗೇ ಹೋದವು. ಅವಳು ತಲೆಯ ಮೇಲೆ ಹೊತ್ತು ಹತ್ತಿಸಿದ್ದೆಲ್ಲ ಮಂಡ್ಯದ ರಸ್ತೆ ಹಿಡಿದು ಇಳಿದು ಹೋಯಿತು. ಟಿಪ್ಪರಿನ ಹಿಂದೆ ಧೂಳೇಳುವುದನ್ನು ನೋಡುತ್ತಾ ಅವಳು ನಗುತ್ತಿದ್ದಳು, ಪಾಪ.

ದಿಣ್ಣೆ ಆಳುದ್ದ ಇಳಿಯಿತು. ಕೆಳಗೆ ಸಿಕ್ಕಿದ್ದು ಕಲ್ಲು ಬೆರೆತ ಗಟ್ಟಿ ಹಳದಿ ಗರಸು, ನಡುನಡುವೆ ಬೆಳ್ಳಗೆ ಸುಣ್ಣದ ಕಲ್ಲಿನ ಉಂಡೆಗಳು. ತೂಬು ಎತ್ತಿದ ದಿನ ನಾಲೆ ನೀರು ಮೊದಲ ಬಾರಿಗೆ ಹೊಲದೊಳಕ್ಕೆ ನುಗ್ಗಿತು. ಚಿಕ್ಕನಂಜಮ್ಮ ಸೀರೆ ಎತ್ತಿ ಕಟ್ಟಿ ನೀರಿನಲ್ಲಿ ನಿಂತಳು. ಅರಿಸಿನ ಕುಂಕುಮ ಹಾಕಿ, ಎರಡು ಬಾಳೆಹಣ್ಣು ಬಿಟ್ಟು ಕೈಮುಗಿದಳು. ಮೊಣಕಾಲ ತನಕ ತಣ್ಣಗಾಗಿ ಕಣ್ಣಲ್ಲಿ ನೀರು ಬಂತು. ಅದೊಂದು ದಿನ ಅವಳು ಸುಖವಾಗಿದ್ದಳು ಅಂತ ಹೇಳಬಹುದು. ಒಂದೇ ದಿನ.

ಭತ್ತ ನಾಟಿ ಮಾಡಿದರು. ಗರಸು ಕೆಸರಾಗಲಿಲ್ಲ. ಎಷ್ಟು ಉತ್ತರೂ ಕಲ್ಲು ಕಲ್ಲೇ. ಒಂದು ಕಡೆ ನೀರು ಜರಡಿಯಲ್ಲಿ ಬಿಟ್ಟ ಹಾಗೆ ಸೋರಿ ಚಿಕ್ಕಬೋರಯ್ಯನ ಗದ್ದೆಗೆ ಇಳಿದರೆ, ಇನ್ನೊಂದು ಕಡೆ ಗಾರೆ ನೆಲದ ಮೇಲೆ ನಿಂತ ಹಾಗೆ ನಿಂತೇ ಇರುತ್ತಿತ್ತು. ಪೈರು ಹಳದಿಯಾಗಿ, ಕಂದಾಗಿ, ಕೂತಲ್ಲೇ ಕೂತುಬಿಟ್ಟಿತು. ಎಡೆಗೆ ಒಂದು ಪಡಿ ಅಕ್ಕಿಯಿರಲಿ, ಹಿಡಿ ಭತ್ತ ಕಾಣಲಿಲ್ಲ.

"ಓಗ್ಲಿ, ಮೊದ್ಲಿನಂಗೆ ಜ್ವಾಳನೇ ಹಾಕಮ" ಅಂದ ಮರಿಸಿದ್ದಯ್ಯ.

ಮೊದಲಿನ ಹಾಗೆ! ಅದೇ ಬೀಜ, ಅದೇ ಕೈ, ಅದೇ ಸಾಲು. ಜೋಳ ಮಂಡಿ ಎತ್ತರಕ್ಕೆ ಬಂದು ನಿಂತಿತು. ಎಲೆಯ ಮೇಲೆ ಉದ್ದಕ್ಕೆ ಬಿಳಿ ಪಟ್ಟೆ, ದಂಟಿನ ಬುಡ ನೇರಳೆ. ಒಂದು ಗಿಡ ಕಿತ್ತು ನೋಡಿದರೆ ಬೇರು ಕೆಳಕ್ಕೆ ಇಳಿಯಲಾರದೆ ತಟ್ಟೆಯ ಹಾಗೆ ಅಗಲಕ್ಕೆ ಹರಡಿಕೊಂಡಿತ್ತು. ಯೂರಿಯ ಎರಚಿದರು. ಎಲೆ ನಾಲ್ಕು ದಿನ ಹಸಿರಾಗಿ ಮತ್ತೆ ಬೆಳ್ಳಗಾಯಿತು. ಮಾರನೆಯ ವರ್ಷವೂ ಅದೇ ಕಥೆ. ಚಿಕ್ಕಬೋರಯ್ಯ ಈಗ ತೆನೆ ಕೇಳುತ್ತಿರಲಿಲ್ಲ. ಬದುವಿನ ಮೇಲೆ ಬಂದು ನಿಂತು, ಬೆಳ್ಳಗಾದ ಎಲೆ ನೋಡಿ ತನ್ನ ಗದ್ದೆಗೆ ಇಳಿದು ಹೋಗುತ್ತಿದ್ದ. ಅವನು ಹಂಗಿಸಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು ಅವಳಿಗೆ.

ಕೃಷಿ ಇಲಾಖೆಯಿಂದ ರಂಜಿತ ಅನ್ನುವ ಹುಡುಗಿ ಸ್ಕೂಟರಿನಲ್ಲಿ ಬಂದಳು. ಕಬ್ಬಿಣದ ಸಲಾಕೆಯೊಂದನ್ನು ನೆಲಕ್ಕೆ ಒತ್ತಿದಳು. ಬೆರಳುದ್ದ ಇಳಿದು ಕಟ್ಟೆಂದು ನಿಂತಿತು. ಇನ್ನೊಂದು ಕಡೆ ಒತ್ತಿದಳು, ಅಲ್ಲೂ ಅಷ್ಟೇ.

"ಮೇಲಿನ ಒಂದು ಗೇಣು ಮಣ್ಣಲ್ಲೇ ಅಮ್ಮ ಬೆಳೆ ಇರೋದು. ಆ ಮಣ್ಣೆಲ್ಲ ಎಲ್ಲಿಗೆ ಹೋಯ್ತು?"

"ಗುತ್ತಲಿಗೆ" ಅಂದಳು ಚಿಕ್ಕನಂಜಮ್ಮ.

ಹುಡುಗಿಗೆ ನಗು ಬಂತು. ಇವಳ ಮುಖ ನೋಡಿ ನುಂಗಿಕೊಂಡಳು.

"ತಿರ್ಗಾ ಬರಾಕಿಲ್ವಾ ಅದು?"

"ಬರತ್ತೆ ಅಮ್ಮ. ವರ್ಷವರ್ಷ ಗೊಬ್ಬರ ಹಾಕಿ, ಸೆಣಬು ಬೆಳೆದು ಹಸಿಯಾಗೇ ಉತ್ತು, ಕೆರೆ ಹೂಳು ಹೊಡೆಸಿ… ಸುಮ್ನೆ ಆಸೆ ತೋರಿಸಲ್ಲ ನಾನು. ನಿಮ್ಮ ಮೊಮ್ಮಗಳ ಕಾಲಕ್ಕೆ ಸ್ವಲ್ಪ ಬರಬಹುದು."

ಹೋಗುವಾಗ ಇನ್ನೂ ಒಂದಷ್ಟು ಹೇಳಿದಳು. ಸಾಲಿನ ಮಣ್ಣೆತ್ತಿ ಬೋದು ಏರಿಸಿ ಬೋದಿನ ಮೇಲೆ ಬಿತ್ತಿ. ಎಲೆಯ ಬಿಳಿ ಪಟ್ಟೆಗೆ ಸತುವಿನ ಪುಡಿ ಕೊಡಿ. ಎಲ್ಲಕ್ಕಿಂತ ಹೆಚ್ಚಾಗಿ ನೀರು ನಿಲ್ಲಿಸಬೇಡಿ. "ಭತ್ತದ ಹಾಗಲ್ಲ ಇದು. ಜೋಳದ ಬೇರಿಗೆ ಉಸಿರು ಕಟ್ಟುತ್ತೆ. ನಿಮ್ಮ ನೆಲದಲ್ಲಿ ನಿಂತ ನೀರು ಕೆಳಗೆ ಇಳಿಯೋಲ್ಲ, ನೆನಪಿಟ್ಕೊಳ್ಳಿ."

ಈ ಹೊತ್ತಿಗೆ ಪುಟ್ಟರಾಜು ಮತ್ತೆ ಬಂದು ಜಗಲಿಯ ಮೇಲೆ ಕೂತಿದ್ದ. ರಸ್ತೆ ಕೆಲಸಕ್ಕೆ ಗರಸು ಬೇಕಂತೆ. "ಮಾವ, ನಿಮ್ಮೊಲದಲ್ಲಿ ಬೆಳೆ ಬೆಳೀತಿಲ್ಲ. ಗರಸು ಮಾತ್ರ ಬಂಗಾರದಂತದ್ದು ಅದೆ. ನಂಗ್ ಬುಟ್ಬುಡಿ" ಅಂದ. ಅವನಿಗೆ ಬಿಟ್ಟರೆ ಆಮೇಲೆ ಉಳಿಯುವುದು ಹೊಲವಲ್ಲ, ಹಳ್ಳ. ಮಳೆ ನೀರು ತುಂಬಿಕೊಂಡು ಎಮ್ಮೆ ಈಜುವ ಹಳ್ಳ. ಮರಿಸಿದ್ದಯ್ಯ ಅವನಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವನು ಹೋದ ಮೇಲೆ ಹೆಂಡತಿಗೆ ಹೇಳಿದ.

"ಇದೊಂದ್ ಬೆಳೆ ನೋಡಮ. ತೆನೆ ತುಂಬುದ್ರೆ ಒಲ ನಮ್ದು. ತುಂಬ್ನಿಲ್ಲ ಅಂದ್ರೆ ಅವ್ನೇ ತಗೊಂಡೋಗ್ಲಿ. ನಂಗೂ ವಯಸ್ಸಾಯ್ತು ಕಣಮ್ಮಿ, ಕಲ್ಲ ಉತ್ತು ಉತ್ತು ರಟ್ಟೆ ಬಿದ್ದೋಗದೆ."

ಅವನು ಗದರಿಸಿ ಹೇಳಿದ್ದರೆ ಅವಳು ಜಗಳವಾಡುತ್ತಿದ್ದಳು. ಅವನು ಬೇಡಿಕೊಳ್ಳುವವನ ಹಾಗೆ ಹೇಳಿದ.

ಆ ಬೆಳೆಗೆ ಚಿಕ್ಕನಂಜಮ್ಮ ಜೀವ ತೇದಳು. ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ಹೂಳು ಹೊಡೆಸಿ ಅರ್ಧ ಹೊಲಕ್ಕೆ ಹರಡಿದರು. ಮಿಕ್ಕ ಅರ್ಧಕ್ಕೆ ಸಾಲಲಿಲ್ಲ. ತಿಪ್ಪೆ ಖಾಲಿಯಾಯಿತು. ಮಂಡಿ ನೋವಿನ ಕಾಲೆಳೆದುಕೊಂಡು ಬೆಳಿಗ್ಗೆ ಸಂಜೆ ಊರ ಬೀದಿಯಲ್ಲಿ ಬಿದ್ದ ಸಗಣಿ ಆಯ್ದಳು. ನೋಡಿದವರು, "ಏನ್ ನಂಜಮ್ಮ, ಮಗ ಆಪೀಸರು, ನೀನು ಸಗಣಿ ಆಯ್ತಾ ಇದ್ದೀಯಲ್ಲ" ಅಂದರೆ, "ಆಪೀಸರ್ ಸಗಣಿ ಆಕಾಕಿಲ್ವಲ್ಲಪ್ಪ, ಅದ್ಕೆ" ಅಂದಳು. ಬೀದಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಬೋದು ಏರಿಸಿ ಬಿತ್ತಿದರು. ಸತುವಿನ ಪುಡಿಯನ್ನು ಮಣ್ಣಿಗೆ ಬೆರೆಸಿ ಅವಳೇ ಬುಡಬುಡಕ್ಕೂ ಹಾಕಿದಳು.

ಮತ್ತೆ, ನಂಬುತ್ತೀರೋ ಇಲ್ಲವೋ, ಜೋಳ ಎದ್ದಿತು. ಮೊದಲಿನ ಎತ್ತರವಲ್ಲ, ಎದೆಯ ಮಟ್ಟಕ್ಕೆ. ಹೂಳು ಬಿದ್ದ ಅರ್ಧದಲ್ಲಿ ಎಲೆ ಕಪ್ಪು ಹಸಿರಾಗಿತ್ತು. ತುದಿಯಲ್ಲಿ ಸೂಲಂಗಿ, ಅದೇ ಗಂಡು ಹೂ, ಇಣುಕುವ ಹೊತ್ತಿಗೆ ಮರಿಸಿದ್ದಯ್ಯ ಕೂಡ ದಿನಾ ಒಂದು ಸಲ ಹೊಲಕ್ಕೆ ಬಂದು, ಒಂದು ಸುತ್ತು ಹಾಕಿ ಹೋಗುತ್ತಿದ್ದ. ಬಿತ್ತನೆ ಮುಗಿಸಿ ಗುತ್ತಲಿಗೆ ಹೋಗಿದ್ದಾಗಲೇ ಅವಳು ಬಿತ್ತಿ ಉಳಿದ ಬೀಜದ ಕಾಳನ್ನು ತೊಳೆದು ಮೊಮ್ಮಗಳು ದೀಪಿಕಳಿಗೆ ಆಡಲು ಕೊಟ್ಟು ಬಂದಿದ್ದಳು. "ನಿನ್ ಕೂಸ್ಗೆ ಈ ಸಲ ಸುಟ್ಟ ತೆನೆ ತಿನ್ನುಸ್ತೀನಿ ಕಣವ್ವ" ಅಂತ ಬಿಂದುಶ್ರೀಗೆ ಹೇಳಿದ್ದಳು. "ಸುಟ್ಟಿದ್ದು ಬೇಡ ಅತ್ತೆ, ಗಂಟಲಿಗೆ ಸಿಕ್ಕಿಕೊಂಡ್ರೆ? ಬೇಯಿಸಿ, ಹಿಚುಕಿ ಕೊಡ್ತೀನಿ" ಅಂದಿದ್ದಳು ಸೊಸೆ. ಏನೋ ಒಂದು, ತಿಂದರೆ ಸಾಕು.

ಸೂಲಂಗಿ ಇಣುಕಿದ ಮೇಲೆ ಒಂದು ವಾರ ಬಿಸಿಲು ಕಾಯಿತು. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಸುರುಳಿ ಸುತ್ತಿಕೊಳ್ಳುತ್ತಿದ್ದವು. ನಮ್ಮ ಕಡೆ ನಾಲೆಗೆ ಕಟ್ಟು ನೀರು; ಅಂದರೆ ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ, ಬಂದಾಗ ಸರದಿಯ ಮೇಲೆ ತಿರುಗಿಸಿಕೊಳ್ಳಬೇಕು. ಅವತ್ತು ಇವರ ಸರದಿ. ಚಿಕ್ಕಬೋರಯ್ಯ ತೂಬಿನ ಹತ್ತಿರ ನಿಂತು ಕೂಗಿದ.

"ಅತ್ತಿಗಮ್ಮಾ, ನೀರ್ ಬತ್ತಾ ಅದೆ. ತಿರುಗಿಸ್ಕೊತೀಯಾ, ನಂಗೇ ಬುಟ್ಬುಡ್ತೀಯಾ?"

ಪಶ್ಚಿಮಕ್ಕೆ ಸಣ್ಣಗೆ ಮೋಡ ಕಟ್ಟಿತ್ತು. ರಂಜಿತ ಹೇಳಿದ್ದು ಅವಳಿಗೆ ನೆನಪಿರಲಿಲ್ಲ ಅಂತಲ್ಲ. ನೆನಪಿತ್ತು. ಬುಡಕ್ಕೆ ನಾಲ್ಕು ಬಿಂದಿಗೆ ಹೊತ್ತು ಹಾಕಿದ್ದರೂ ಎರಡು ದಿನ ತಳ್ಳಬಹುದಿತ್ತು. ಆದರೆ ಮದುವೆಯಾದಾಗಿನಿಂದ ಆ ನೀರು ಕಣ್ಣೆದುರಿಗೇ ಬೇರೆಯವರ ಗದ್ದೆಗೆ ಹೋಗುವುದನ್ನು ನೋಡಿಕೊಂಡು ಬಂದವಳು. ಈಗ ಅದು ತಾನಾಗಿ ಬಾಗಿಲಿಗೆ ಬಂದು ನಿಂತು, ಒಳಗೆ ಬರಲಾ ಅಂತ ಕೇಳುತ್ತಿರುವಾಗ ಬೇಡ, ಮುಂದಕ್ಕೆ ಹೋಗು ಅನ್ನುವುದು ಅವಳ ನಾಲಿಗೆಗೆ ಬರಲಿಲ್ಲ.

"ತಿರುಗ್ಸು" ಅಂದಳು. "ಒಸಿ ಹೊತ್ತು ತಿರುಗ್ಸು, ಆಮೇಲೆ ಕಟ್ತೀನಿ."

ಸಾಲುಗಳೆಲ್ಲ ತುಂಬಿದವು. ಅವಳು ತೂಬು ಇಳಿಸುವ ಹೊತ್ತಿಗೆ ಗುಡುಗಿತು. ಆ ಮಳೆ ಹೇಗೆ ಹೊಯ್ಯಿತು ಅಂದರೆ, ಮಂಡ್ಯದಲ್ಲಿ ಬಿಂದುಶ್ರೀ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತು, ನೀರು ಮೆಟ್ಟಿಲು ಹತ್ತುತ್ತಾ ಅಂತ ನೋಡುತ್ತಿದ್ದಳಂತೆ. ಹತ್ತಲಿಲ್ಲ. ಸೈಟು ಎತ್ತರವಾಗಿತ್ತು. ದಿಣ್ಣೆ ಹೊಲದ ಮಣ್ಣು ಅಲ್ಲಿ ತನ್ನ ಕೆಲಸ ಮಾಡಿತ್ತು.

ಇಲ್ಲಿ ಗಂಡ ಹೆಂಡತಿ ಗೋಣಿಚೀಲ ತಲೆಗೆ ಹಾಕಿಕೊಂಡು, ನೀರು ಹೊರಕ್ಕೆ ಬಿಡಲು ಕಾಲುವೆ ತೋಡುತ್ತಿದ್ದರು. ಗುದ್ದಲಿ ಎತ್ತಿ ಹಾಕಿದರೆ ಠಣ್ ಅಂತ ವಾಪಸು ಎಗರುತ್ತಿತ್ತು. ಮರಿಸಿದ್ದಯ್ಯನ ಅಂಗೈ ಬಿರಿದು ರಕ್ತ ಬಂತು. "ಸಾಕು ಬಾ" ಅಂದ. ಅವಳು ಬರಲಿಲ್ಲ. ಕೈಯಲ್ಲಿ ನೀರು ಎರಚಿ ಎರಚಿ ಹಾಕಿದಳು, ಮಕ್ಕಳು ಆಡುವ ಹಾಗೆ. ಮಳೆ ನಿಂತ ಮೇಲೂ ನೀರು ಇಳಿಯಲಿಲ್ಲ; ಬೋದುಗಳ ನಡುವೆ ಆಕಾಶ ತೋರಿಸುತ್ತಾ ನಿಂತೇ ಇತ್ತು. ಅದು ಆರುವ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ತೆನೆಯ ಕೂದಲು ಹೊರಗೆ ಬಂತು, ಆದರೆ ಕಾಳು ಕಟ್ಟಿಸುವ ಸೂಲಂಗಿಯ ಪುಡಿ ಉದುರಿ ಎಂದೋ ಮುಗಿದಿತ್ತು. ಯಾರೋ ಬರುತ್ತಾರೆ ಅಂತ ಸಿಂಗಾರ ಮಾಡಿಕೊಂಡು ತಡವಾಗಿ ಹೊರಟವರ ಹಾಗಾಯಿತು ಅದರ ಪಾಡು.

ತೆನೆ ಮುರಿಯುವ ದಿನ ಮರಿಸಿದ್ದಯ್ಯ ಮೊದಲನೆಯದರ ಸಿಪ್ಪೆ ಸುಲಿದು ಹೆಂಡತಿಯ ಕೈಗೆ ಕೊಟ್ಟ. ಒಂದು ಸಾಲಿನಲ್ಲಿ ನಾಲ್ಕು ಕಾಳು, ಆಮೇಲೆ ಬರೀ ಬೆಂಡು, ಮತ್ತೆ ಎರಡು ಕಾಳು. ಹಲ್ಲು ಬಿದ್ದ ಬಾಯಿ. ಅವಳು ಇನ್ನೊಂದು ಸುಲಿದಳು. ಇನ್ನೊಂದು. ಹೂಳು ಹಾಕಿದ ಕಡೆಯಾದರೂ ಇರಬಹುದು ಅಂತ ಓಡಿ ಹೋಗಿ ಅಲ್ಲಿಯೂ ಸುಲಿದಳು. ಅಲ್ಲಿ ಕಾಳು ಒಂದಿಷ್ಟು ಹೆಚ್ಚಿತ್ತು, ತುಂಬಿದ ತೆನೆ ಅಂತ ಮಾತ್ರ ಒಂದೂ ಇರಲಿಲ್ಲ. ಗಂಡ ಬೈಯುತ್ತಾನೆ, ನೀನೇ ತಾನೇ ನೀರು ಬಿಟ್ಟವಳು ಅನ್ನುತ್ತಾನೆ ಅಂತ ಕಾದಳು. ಅವನು ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ.

"ಕಡ್ಡಿ ಹಸೀನ ಮೇವಿಗಾಯ್ತದೆ. ಕೊಯ್ಕೊಂಡ್ ಬುಡಮ" ಅಂದ. ಟವೆಲ್ಲು ಮತ್ತೆ ತಲೆಗೆ ಸುತ್ತಿಕೊಂಡು, "ಪುಟ್ಟರಾಜಂಗೆ ಏಳ್ ಕಳುಸ್ತೀನಿ."

ಅವಳು ಕೈಯಲ್ಲಿದ್ದ ತೆನೆಯನ್ನು ಮಂಕರಿಗೆ ಹಾಕಿ ಮುಂದಿನ ಗಿಡಕ್ಕೆ ಕೈ ಹಾಕಿದಳು.

ಮನೆಯಲ್ಲಿ ಕೂರಲಾಗಲಿಲ್ಲ. ಮೊಮ್ಮಗಳನ್ನು ನೋಡಿ ಬರುತ್ತೇನೆ ಅಂತ ಗುತ್ತಲಿಗೆ ಹೊರಟಳು. ಗೇಟು ತೆಗೆದು ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಮೊಳ ಜಾಗ, ಸಿಮೆಂಟು ಹಾಕದೆ ಬಿಟ್ಟಿದ್ದು. ಅಲ್ಲಿ ಕಿಟಕಿಯ ಮೇಲಕ್ಕೆ, ಸಜ್ಜಕ್ಕೆ ತಲೆ ತಾಗಿಸಿಕೊಂಡು ಐದಾರು ಜೋಳದ ಗಿಡ. ಎಲೆಗಳು ಕತ್ತಿಯ ಹಾಗೆ ಅಗಲ. ತೆನೆಗಳು ಮೊಳಕೈ ಗಾತ್ರ.

"ಪಾಪು ಚೆಲ್ಲಿಬಿಟ್ಟಿದ್ದು ಅತ್ತೆ, ನೀವು ಕೊಟ್ಟ ಕಾಳು" ಅಂತ ಬಿಂದುಶ್ರೀ ಒಳಗಿಂದ ಬಂದಳು. "ಹುಟ್ಟಿದ್ದು ನೋಡಿ ಕೀಳೋಣ ಅಂದೆ, ಇವಳು ಅತ್ತು ರಂಪ ಮಾಡಿದ್ಲು. ನನಗಂತೂ ಅದನ್ನ ಕಂಡ್ರೆ ಎದೆ ಡವಡವ. ಎಲೆ ಸಂದಿಯಲ್ಲಿ ನೀರು ನಿಲ್ಲತ್ತೆ, ಸೊಳ್ಳೆ ಆಗತ್ತೆ, ಹಿಂದಿನ ಬೀದಿಯಲ್ಲಿ ಡೆಂಗ್ಯೂ ಬಂದಿದೆ. ಮೊನ್ನೆ ಏನೋ ಸರಸರ ಅಂತು. ಭಾನುವಾರ ಪೂರ್ತಿ ಸಿಮೆಂಟು ಹಾಕಿಸ್ತೀನಿ ಅಂದಿದಾರೆ ಇವರು."

ಚಿಕ್ಕನಂಜಮ್ಮ ಒಂದು ತೆನೆಯ ಸಿಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದಳು. ಕಾಳಿಗೆ ಕಾಳು ಒತ್ತಿಕೊಂಡು, ಬುಡದಿಂದ ತುದಿಯವರೆಗೆ, ಒಂದು ಸಂದಿಲ್ಲ. ನಾಲ್ಕು ವರ್ಷದ ದೀಪಿಕ ಕೆಳಗಿಂದ ಕೈಚಾಚಿ, "ಅಜ್ಜಿ, ಅದು ನಂದು" ಅಂತು.

"ನಿಂದೇ ಕಣವ್ವ" ಅಂದಳು.

ಕೂತು ಮಣ್ಣಿಗೆ ಕೈ ಹಾಕಿದಳು. ಕೈ ಹಿಟ್ಟಿನಲ್ಲಿ ಇಳಿದ ಹಾಗೆ ಇಳಿಯಿತು. ಕಪ್ಪಿಟ್ಟ ಕೆಂಪು. ಮೂಗಿನ ಹತ್ತಿರ ತಂದಳು. ಹಳೆಯ ತಿಪ್ಪೆ, ಬೂದಿ, ಕುರಿಮಂದೆ ಎಲ್ಲದರ ವಾಸನೆಯೂ ಇತ್ತು, ಅಥವಾ ಇದೆ ಅಂತ ಅವಳಿಗೆ ಅನ್ನಿಸಿತು. ಬಿಂದುಶ್ರೀ "ಅತ್ತೆ, ಗ್ಲೌಸು ಕೊಡ್ಲಾ? ಗಾಜು ಗೀಜು ಇರತ್ತೆ" ಅನ್ನುತ್ತಲೇ ಇದ್ದಳು. ಆಮೇಲೆ ಅತ್ತೆ ಅಳುತ್ತಿರುವುದು ಕಂಡಳು. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಒಂದು ಖಾಲಿ ಬೂಸಾ ಚೀಲವಿತ್ತು. ಅದನ್ನು ಅತ್ತೆಯ ಪಕ್ಕದಲ್ಲಿ ಇಟ್ಟಳು.

ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಚೀಲಕ್ಕೆ ಕಾಲಿಂದ ತಾಗಿಸಿ ನೋಡಿದ.

"ಏನಜ್ಜಿ ಇದು, ಅಕ್ಕಿನಾ?"

"ಮಣ್ಣು."

"ಮಣ್ಣಾ! ಅಜ್ಜೀ, ಸರ್ಕಾರ ಫ್ರೀ ಕೊಟ್ಟಿರೋದು ನಿಂಗೆ, ಮಣ್ಣಿಗಲ್ಲ. ಎಲ್ಲಿಂದ ತರ್ತಾ ಇದೀಯಾ?"

"ಮಗನ್ ಮನೆಯಿಂದ."

"ಪುಣ್ಯವಂತ, ಮಣ್ಣಾದ್ರೂ ಕೊಟ್ನಲ್ಲ!" ಬಸ್ಸಿನಲ್ಲಿದ್ದವರೆಲ್ಲ ಘೊಳ್ಳೆಂದರು. ಚಿಕ್ಕನಂಜಮ್ಮನೂ ನಗಲು ನೋಡಿದಳು. ಚೀಲದ ಬಾಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಊರು ಬರುವವರೆಗೂ ಬಿಡಲಿಲ್ಲ.

ಮನೆಗೆ ಹೋಗದೆ ನೇರ ಹೊಲಕ್ಕೆ ಹೋದಳು. ಮರಿಸಿದ್ದಯ್ಯ ಆಗಲೇ ಹೇಳಿ ಕಳಿಸಿದ್ದ; ಜೆಸಿಬಿ ಬಂದು ಹೊಲದ ಆ ತುದಿಯಲ್ಲಿ ನಿಂತಿತ್ತು, ನಾಳೆಯಿಂದ ಕೆಲಸ. ನಾಲೆಯ ಪಕ್ಕದ ಮೂಲೆಯೊಂದನ್ನು ಕಡಿಯುವ ಹಾಗಿಲ್ಲ, ಕಡಿದರೆ ನಾಲೆ ಏರಿ ಕುಸಿಯುತ್ತೆ ಅಂತ ಪುಟ್ಟರಾಜುವೇ ಹೇಳಿದ್ದ. ಆ ಮೂಲೆಯಲ್ಲಿ ಅವಳು ಚೀಲ ಸುರಿದಳು. ಕೈಯಿಂದ ಸವರಿ ಹರಡಿದಳು. ಚಾಪೆಯಷ್ಟಗಲವೂ ಆಗಲಿಲ್ಲ. ಅಷ್ಟಾದರೂ ಇರಲಿ. ಇಲ್ಲಿ ಒಂದು ಸಾಲು ಜೋಳ ಹಾಕುತ್ತೇನೆ, ಒಂದೇ ಸಾಲು, ಮಗುವಿಗೆ ಅಂತ ಅಂದುಕೊಂಡಳು. ಸೆರಗಿನ ತುದಿಯಲ್ಲಿ ಗುತ್ತಲಿನ ತೆನೆಯ ಕಾಳು ಗಂಟು ಹಾಕಿಕೊಂಡು ತಂದಿದ್ದಳು. ಬೆರಳಿಂದ ಗುಳಿ ಮಾಡಿ ಒಂದೊಂದೇ ಊರಿದಳು. ಮೇಲೆ ಮಣ್ಣು ಎಳೆದು ತಟ್ಟಿದಳು. ಬೆನ್ನು ನೇರ ಮಾಡಲಾಗದೆ ಅಲ್ಲೇ ಬದುವಿನ ಮೇಲೆ ಕೂತಳು.

ಕಟ್ಟು ನೀರು ಅವತ್ತೇ ಬಂತು. ಇನ್ನು ಯಾರಿಗೆ ಬೇಕು ಅಂತ ಮರಿಸಿದ್ದಯ್ಯ ತೂಬು ಇಳಿಸಿಯೇ ಇರಲಿಲ್ಲ. ನೀರು ಮೊದಲು ನಾಲಿಗೆಯಷ್ಟು ತೆಳ್ಳಗೆ ಬಂದು ಮೂಲೆಯನ್ನು ಮುಟ್ಟಿತು, ಆಮೇಲೆ ತುಂಬಿಕೊಂಡು ಬಂತು. ಅವಳು ಎದ್ದು ಬರುವಷ್ಟರಲ್ಲಿ ಕೆಂಪು ಮಣ್ಣು ಕರಗಿ, ಗರಸಿನ ಮೇಲೆ ಒಂದು ಎಳೆಯಾಗಿ ಹರಿದು, ಬದುವಿನ ಒಡಕಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಹಳದಿ ಕಾಳುಗಳು ನೀರಿನ ಜೊತೆ ಉರುಳಿ ಒಂದರ ಹಿಂದೆ ಒಂದು ಹೋಗುತ್ತಿದ್ದವು.

ಕೆಳಗಿನ ಗದ್ದೆಯಲ್ಲಿದ್ದ ಚಿಕ್ಕಬೋರಯ್ಯ ತಲೆಯೆತ್ತಿದ.

"ಅತ್ತಿಗಮ್ಮಾ, ನಿಮ್ಮಣ್ಣು ನಮ್ಗದ್ದೆಗೆ ಬತ್ತಾ ಅದೆ! ಬಿರ್ನೆ ಒಂದ್ ಮಂಕ್ರಿ ಮಣ್ಣಾಕಿ ಬದ ಕಟ್ಟಮ್ಮಿ!"

ಚಿಕ್ಕನಂಜಮ್ಮ ಸುತ್ತ ನೋಡಿದಳು. ಕಾಲ ಕೆಳಗೆ ಗರಸು, ಆಚೆಗೆ ಗರಸು, ಅದರಾಚೆಗೆ ಜೆಸಿಬಿ.

"ಕಟ್ಟಾಕೆ ಮಣ್ಣೆಲ್ಲದೆ ಬೋರಯ್ಯ?" ಅಂದಳು.